ಕೈಗೆ ಅಂಟುವ ನಕಲು

ಆ ಚೆಂಡಿನ ಒಂದು ಕಣ್ಣು ಮಾತ್ರ ಜಾಗದಲ್ಲಿತ್ತು. ಇನ್ನೊಂದು ಗುಳಿಯಿಂದ ಕಿತ್ತುಬಂದು ಕೆನ್ನೆಯ ಮೇಲೆ ಜೋತುಬಿದ್ದಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಹಲ್ಲು ಹುಳುಕಾಗಿತ್ತು, ತುಟಿಯಂಚಿನಿಂದ ಹಸಿರು ಜೊಲ್ಲು ಇಳಿಯುತ್ತಿತ್ತು. ಬಣ್ಣ ಅಚ್ಚಿನ ಗೆರೆ ದಾಟಿ ಗಲ್ಲದವರೆಗೂ ಹರಡಿದ್ದರಿಂದ, ಎಷ್ಟು ಜೊಲ್ಲು ಗೊಂಬೆಯದು, ಎಷ್ಟು ಬಣ್ಣ ಬಳಿದವರ ಅವಸರದ್ದು ಎಂದು ಹೇಳುವಂತಿರಲಿಲ್ಲ. 2006ರ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ, ಬಿಡಕಿಬೈಲಿನ ಗದ್ದುಗೆಗೆ ಕೈಮುಗಿದು ಹೊರಬಂದು ಬಳೆ ಅಂಗಡಿಗಳ ಸಾಲು ದಾಟಿದ ಮೇಲೆ, ನೆಲಕ್ಕೆ ಟಾರ್ಪಾಲು ಹಾಸಿ ಕೂತಿದ್ದ ಒಬ್ಬರಿಂದ ಅಪ್ಪ ಅದನ್ನು ಕೊಡಿಸಿದ್ದರು. ಹೊಸ ಹವಾಯಿ ಚಪ್ಪಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದರೆ ಎಂಥ ವಾಸನೆ ಬಂದೀತೋ ಅಂಥ ವಾಸನೆ ಅದಕ್ಕೆ. ಅವತ್ತು ರಾತ್ರಿ ತಲೆಯ ಹತ್ತಿರವೇ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ದಿಂಬಿನ ಮೇಲೆ ಹಸಿರು ಕಲೆ. ಮಡಿಯಲ್ಲಿದ್ದ ಅಜ್ಜಿ ಚೆಂಡನ್ನು ಕೋಲಿನ ತುದಿಯಿಂದ ನೂಕುತ್ತ ನೂಕುತ್ತ ಅಂಗಳಕ್ಕೆ ಉರುಳಿಸಿದರು.

ಅದು ಇನ್ಯಾವುದರದೋ ನಕಲು ಎಂದು ನನಗೆ ತಿಳಿದದ್ದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಆಗ ಹಳಗನ್ನಡ ಕಾವ್ಯದ ಬೀಭತ್ಸವನ್ನು ಹಿಡಿದುಕೊಂಡು ಸಂಶೋಧನೆಗೆ ಕೂತಿದ್ದೆ. ಹೇಸಿಗೆಯ ಬಗ್ಗೆ ಯಾರು ಏನು ಬರೆದಿದ್ದರೂ ಓದುವ ಚಟ ಹತ್ತಿತ್ತು. ಹಾಗೆ ಓದುವಾಗ ಒಂದು ಚಿತ್ರ ಎದುರಾಯಿತು. ಅದೇ ಜೋತುಬಿದ್ದ ಕಣ್ಣು, ಅದೇ ಜೊಲ್ಲು. ಬಣ್ಣ ಮಾತ್ರ ಗೆರೆಯೊಳಗಿತ್ತು. ಅದಕ್ಕೊಂದು ಹೆಸರೂ ಇತ್ತು: ಸ್ಲೋಬುಲಸ್. 1980ರ ದಶಕದ ನಡುವೆ ಅಮೆರಿಕದ ಆಮ್‌ಟಾಯ್ ಕಂಪನಿ ಹೊರತಂದ 'ಮ್ಯಾಡ್‌ಬಾಲ್ಸ್' ಎಂಬ ಚೆಂಡುಗಳ ಮೊದಲ ಎಂಟರಲ್ಲಿ ಅದೂ ಒಂದು. ಚಿತ್ರದಲ್ಲಿದ್ದ ಚೆಂಡು ತನ್ನ ಹುಟ್ಟಿದ ಪೊಟ್ಟಣದೊಳಗೇ ಇತ್ತು, ಯಾರೂ ಸೀಲು ಒಡೆದಿರಲಿಲ್ಲ. ಯಾರೂ ಮುಟ್ಟಿಲ್ಲ ಎಂಬುದಕ್ಕೇ ಅದಕ್ಕೆ ಬೆಲೆ.

ನನಗೆ ಮೊದಲು ಆದದ್ದು ಅವಮಾನ. ನನ್ನದು ಎಂದುಕೊಂಡಿದ್ದ ನೆನಪು ಕೂಡ ಡೂಪ್ಲಿಕೇಟ್ ಮಾಲು ಎಂಬ ಅವಮಾನ. ಒರಿಜಿನಲ್ ಕೈಗೆ ಬಂದವರು ಬಾಲ್ಯಕ್ಕೆ ಹಂಬಲಿಸಬಹುದು, ನಕಲು ಬಂದವರು ಯಾವುದಕ್ಕೆ ಹಂಬಲಿಸಬೇಕು? ಈ ಪ್ರಶ್ನೆ ಬೇರೆ ರೂಪಗಳಲ್ಲಿ ನಮ್ಮ ಸಾಹಿತ್ಯ ವಿಮರ್ಶೆಗೆ ಹಳೆಯದೇ, ಕಾದಂಬರಿ ಎಲ್ಲಿಂದ ಬಂತು, ನವ್ಯ ಯಾರದು ಎಂದೆಲ್ಲ. ಇಲ್ಲಿ ಅದನ್ನು ಒಂದು ರಬ್ಬರ್ ಚೆಂಡಿನ ಮೇಲೆ ಇಟ್ಟು ನೋಡುತ್ತೇನೆ. ಚೆಂಡು ಚಿಕ್ಕದಾದ್ದರಿಂದ ನಾವು ಸುಳ್ಳು ಹೇಳುವ ಸಾಧ್ಯತೆ ಕಡಿಮೆ.

ಒರಿಜಿನಲ್ ಎನ್ನುವುದು ಎಷ್ಟು ಒರಿಜಿನಲ್ ಆಗಿತ್ತು ಎಂಬುದನ್ನು ಮೊದಲು ನೋಡಬೇಕು. ಆಮ್‌ಟಾಯ್ ಅಮೆರಿಕನ್ ಗ್ರೀಟಿಂಗ್ಸ್ ಎಂಬ ಶುಭಾಶಯ ಪತ್ರಗಳ ಕಂಪನಿಯ ಕೂಸು. ಅದೇ ಅಮೆರಿಕನ್ ಗ್ರೀಟಿಂಗ್ಸ್ ಅದೇ ದಶಕದಲ್ಲಿ ಮಕ್ಕಳಿಗೆ ಕೊಟ್ಟ ಇನ್ನೆರಡು ವರಗಳೆಂದರೆ ಕೇರ್ ಬೇರ್ಸ್ ಮತ್ತು ಸ್ಟ್ರಾಬೆರಿ ಶಾರ್ಟ್‌ಕೇಕ್. ಹೊಟ್ಟೆಯ ಮೇಲೆ ಹೃದಯ, ಕಾಮನಬಿಲ್ಲು ಬರೆಸಿಕೊಂಡ ಮುದ್ದು ಕರಡಿಗಳು ಮತ್ತು ಹಣ್ಣಿನ ವಾಸನೆಯ ಬೊಂಬೆ. ಮುದ್ದೂ ಹೇಸಿಗೆಯೂ ಒಂದೇ ಮನೆಯ ಎರಡು ಬಾಗಿಲುಗಳಿಂದ ಹೊರಬಂದಿದ್ದವು. ಸಕ್ಕರೆ ಅತಿಯಾದಾಗ ಬಾಯಿ ಚಪ್ಪರಿಸಲು ಉಪ್ಪಿನಕಾಯಿ ಬೇಕಾಗುತ್ತದೆ, ಸಕ್ಕರೆ ಮಾರಿದವನೇ ಅದನ್ನೂ ಮಾರಿದ, ಅಷ್ಟೆ.

ಗಾರ್ಬೇಜ್ ಪೇಲ್ ಕಿಡ್ಸ್ ಎಂಬ ಸ್ಟಿಕ್ಕರುಗಳ ಕಥೆ ಇನ್ನೂ ಸೊಗಸು. 1983ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ತಂದೆತಾಯಿಯರು ಕ್ಯಾಬೇಜ್ ಪ್ಯಾಚ್ ಕಿಡ್ಸ್ ಎಂಬ ದುಂಡು ಮುಖದ ಗೊಂಬೆಗಳಿಗಾಗಿ ಕೈಕೈ ಮಿಲಾಯಿಸುತ್ತಿದ್ದರು. ಆ ಗೊಂಬೆಯನ್ನು ಕೊಳ್ಳುವುದಲ್ಲ, 'ದತ್ತು' ತೆಗೆದುಕೊಳ್ಳುವುದು, ಜೊತೆಗೆ ಪ್ರಮಾಣಪತ್ರ. ಈ ವಾತ್ಸಲ್ಯವನ್ನು ಗೇಲಿ ಮಾಡಲು ಟಾಪ್ಸ್ ಎಂಬ ಚ್ಯೂಯಿಂಗ್ ಗಮ್ ಕಂಪನಿ 1985ರಲ್ಲಿ ಅದೇ ದುಂಡು ಮುಖಗಳನ್ನು ಇಟ್ಟುಕೊಂಡು, ವಾಂತಿ ಮಾಡುವ, ಸಿಂಬಳ ಸುರಿಸುವ, ತಲೆ ಸಿಡಿದು ಅಣಬೆ ಮೋಡವಾಗುವ ಮಕ್ಕಳ ಚಿತ್ರಗಳನ್ನು ಹೊರತಂದಿತು. ಇದರ ಹಿಂದಿದ್ದವರಲ್ಲಿ ಆರ್ಟ್ ಸ್ಪೀಗಲ್‌ಮನ್ ಒಬ್ಬರು. ಮುಂದೆ 'ಮೌಸ್' ಕೃತಿಗೆ 1992ರಲ್ಲಿ ಪುಲಿಟ್ಜರ್ ಪಡೆದವರೇ. ಮೊದಲ ಸರಣಿಯ ಚಿತ್ರಗಳನ್ನು ಬರೆದವರು ಜಾನ್ ಪೌಂಡ್. ಶಾಲೆಗಳು ಸ್ಟಿಕ್ಕರುಗಳನ್ನು ನಿಷೇಧಿಸಿದವು. ಗೊಂಬೆಯ ಮಾಲೀಕರು ದಾವೆ ಹೂಡಿದರು. 1986ರಲ್ಲಿ ಜಾರ್ಜಿಯಾದ ಫೆಡರಲ್ ನ್ಯಾಯಾಲಯ 'ಇದು ಅಣಕ' ಎಂಬ ವಾದವನ್ನು ಒಪ್ಪದೆ ಟಾಪ್ಸ್ ವಿರುದ್ಧ ತಡೆ ಕೊಟ್ಟಿತು. ಮರುವರ್ಷ ರಾಜಿಯಾಗಿ ಟಾಪ್ಸ್ ತನ್ನ ಮಕ್ಕಳ ರೂಪ ಬದಲಿಸಬೇಕಾಯಿತು.

ಆದರೆ ಆ ಮುದ್ದು ಗೊಂಬೆಯಾದರೂ ಸ್ವಯಂಭೂ ಆಗಿತ್ತೇ? ಕೆಂಟಕಿಯ ಕಲಾವಿದೆ ಮಾರ್ಥಾ ನೆಲ್ಸನ್ ಥಾಮಸ್, ತಾನು ಬಟ್ಟೆಯಲ್ಲಿ ಹೊಲಿದು ದತ್ತು ಪತ್ರದೊಂದಿಗೆ ಕೊಡುತ್ತಿದ್ದ ಮಗು-ಗೊಂಬೆಗಳ ಕಲ್ಪನೆಯನ್ನೇ ಝೇವಿಯರ್ ರಾಬರ್ಟ್ಸ್ ಎತ್ತಿಕೊಂಡರೆಂದು ಆಪಾದಿಸಿ ಕೋರ್ಟಿಗೆ ಹೋಗಿದ್ದರು. ಆ ಜಗಳವೂ ರಾಜಿಯಲ್ಲೇ ಮುಗಿಯಿತು. ಅಂದರೆ ಬಟ್ಟೆಯ ಗೊಂಬೆಯಿಂದ ಪ್ಲಾಸ್ಟಿಕ್ ಮುಖದ ಗೊಂಬೆ, ಅದರಿಂದ ವಾಂತಿ ಮಾಡುವ ಸ್ಟಿಕ್ಕರು, ಸ್ಟಿಕ್ಕರಿನಿಂದ ಊರೂರಿನ ಡೂಪ್ಲಿಕೇಟ್ ಸ್ಟಿಕ್ಕರು. ಈ ಸಾಲಿನಲ್ಲಿ ಎಲ್ಲಿ ಬೆರಳಿಟ್ಟು 'ಇಲ್ಲಿಂದ ನಕಲು ಶುರು' ಎನ್ನುವುದು? ನ್ಯಾಯಾಲಯಕ್ಕೆ ಆ ಬೆರಳು ಇಡಲೇಬೇಕು, ಅದರ ಕೆಲಸ ಅದು. ವಿಮರ್ಶೆಗೆ ಆ ಆತುರ ಬೇಕಿಲ್ಲ.

ಭರತ ಒಂದು ಸಣ್ಣ ಮಾತಿನಲ್ಲಿ ಇದಕ್ಕೆ ದಾರಿ ತೋರಿಸುತ್ತಾನೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ ಎಂದು ರಸಗಳು ಹುಟ್ಟುವ ಬಗೆ ಹೇಳುವಾಗ, ಹಾಸ್ಯವೆಂದರೆ ಶೃಂಗಾರದ ಅನುಕೃತಿ ಎನ್ನುತ್ತಾನೆ. ಅನುಕೃತಿ ಎಂದರೆ ನಕಲೇ. ಅಭಿನವಗುಪ್ತ ಇದನ್ನು ಹಿಗ್ಗಿಸಿ, ಶೃಂಗಾರವೊಂದೇ ಅಲ್ಲ, ಯಾವ ರಸದ ಆಭಾಸವಾದರೂ ನಗೆಗೆ ಕಾರಣವಾಗಬಲ್ಲದು ಎಂದ. ಈ ದಾರಿಯಲ್ಲಿ ನಡೆದರೆ ಹೇಸಿಗೆಯ ಆಟಿಕೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅದು ಬೀಭತ್ಸ ಅಲ್ಲ, ಬೀಭತ್ಸದ ಆಭಾಸ. ನಿಜವಾದ ಕಿತ್ತ ಕಣ್ಣು ಕಂಡರೆ ಮಗು ಕಿರುಚುತ್ತದೆ, ಭಯಾನಕಕ್ಕೆ ಜಾರುತ್ತದೆ. ರಬ್ಬರಿನ ಕಿತ್ತ ಕಣ್ಣು ಕಂಡರೆ 'ಥೂ' ಎನ್ನುತ್ತ ನಗುತ್ತದೆ. ನಗು ಬರುವುದು ಅದು ನಕಲೆಂದು ಗೊತ್ತಿರುವುದರಿಂದ. ಹಾಗಾಗಿ ಈ ಜಾತಿಯ ಆಟಿಕೆಗೆ ನಕಲುತನ ಹೊರಗಿನಿಂದ ಬಂದ ಕೇಡಲ್ಲ, ಅದರ ಉಸಿರು. ನಮ್ಮ ಕವಿಗಳಿಗೂ ಇದು ಗೊತ್ತಿತ್ತು. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ತಡವರಿಸಿ ನಡೆಯುವ ದುರ್ಯೋಧನನನ್ನು ಮರುಳುಗಳು ಗೇಲಿ ಮಾಡುತ್ತವೆ. ಹೇಸಿಗೆಯ ಪಕ್ಕದಲ್ಲೇ ನಗೆ ಕಾದು ಕೂತಿರುತ್ತದೆ.

ಇನ್ನು ನಕಲು ತಯಾರಾಗುವ ಬಗೆ. ಒಂದು ರಬ್ಬರ್ ಗೊಂಬೆಯ ನಕಲಿಗೆ ಮೂಲದ ನಕ್ಷೆ ಬೇಡ, ಮೂಲದ ಅಚ್ಚು ಬೇಡ, ಒಂದು ಗೊಂಬೆ ಸಿಕ್ಕರೆ ಸಾಕು. ಅದರ ಮೇಲೇ ಅಚ್ಚು ತೆಗೆಯುತ್ತಾರೆ. ಹಾಗೆ ತೆಗೆದ ಅಚ್ಚಿನಿಂದ ಬಂದ ಗೊಂಬೆ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ಗೆರೆಗಳು ಕೂದಲೆಳೆಯಷ್ಟು ಮಸುಕು. ಆ ಗೊಂಬೆಯಿಂದ ಇನ್ನೊಬ್ಬರು ಅಚ್ಚು ತೆಗೆದರೆ ಇನ್ನಷ್ಟು ಚಿಕ್ಕದು, ಇನ್ನಷ್ಟು ಮಸುಕು. ಸುಂದರವಾದ ಬೊಂಬೆಗೆ ಇದು ಮರಣ: ರಾಜಕುಮಾರಿಯ ಮೂಗು ಎರಡು ತಲೆಮಾರಿನ ಅಚ್ಚಿನಲ್ಲಿ ಗೆಣಸಾಗುತ್ತದೆ. ಆದರೆ ಮೊದಲೇ ಕೊಳೆತ ಮುಖ ಇನ್ನಷ್ಟು ಕರಗಿದರೆ? ಹಲ್ಲು ವಸಡಿಗೆ ಸೇರಿಹೋಗುತ್ತದೆ, ಕಣ್ಣಿನ ನರ ಕೆನ್ನೆಗೆ ಅಂಟಿಕೊಳ್ಳುತ್ತದೆ, ಎಲ್ಲಿ ಗಾಯ ಎಲ್ಲಿ ಚರ್ಮ ಎಂಬುದು ತಿಳಿಯದಾಗುತ್ತದೆ. ಮೂಲದಲ್ಲಿ ಹೇಸಿಗೆಯನ್ನು ಒಬ್ಬ ಕಲಾವಿದ ಅಂದವಾಗಿ ಬಿಡಿಸಿದ್ದ. ನಕಲಿನಲ್ಲಿ ಹೇಸಿಗೆ ತಾನೇ ಆಗಿದೆ. ನನ್ನ ಚೆಂಡಿನ ಗಲ್ಲಕ್ಕೆ ಇಳಿದ ಹಸಿರು ಯಾವ ವಿನ್ಯಾಸಕಾರನೂ ಯೋಚಿಸಿದ್ದಲ್ಲ, ಆದರೂ ಚೆಂಡಿನ ಅತ್ಯುತ್ತಮ ಭಾಗ ಅದೇ. ಒಂದು ಕಲಾಪ್ರಕಾರದಲ್ಲಿ ಕೆಟ್ಟ ಕೆಲಸವೇ ಕೃತಿಯನ್ನು ಉತ್ತಮಗೊಳಿಸುವುದು ಅಪರೂಪ. ಇಲ್ಲಿ ಅದು ಆಗುತ್ತದೆ ಎಂದು ನಾನು ಹಟ ಹಿಡಿದು ಹೇಳುತ್ತೇನೆ.

ಹೆಸರೂ ಹೋಗುತ್ತದೆ. ಗಾರ್ಬೇಜ್ ಪೇಲ್ ಕಿಡ್ಸ್ ಸ್ಟಿಕ್ಕರಿನ ಒಂದೊಂದು ಚಿತ್ರಕ್ಕೂ ಎರಡೆರಡು ಹೆಸರು: ತಲೆ ಸಿಡಿದ ಹುಡುಗ ಒಂದು ಸ್ಟಿಕ್ಕರಿನಲ್ಲಿ ಆ್ಯಡಮ್ ಬಾಂಬ್, ಇನ್ನೊಂದರಲ್ಲಿ ಬ್ಲಾಸ್ಟೆಡ್ ಬಿಲ್ಲಿ. ಎರಡನ್ನೂ ಕೊಳ್ಳಲಿ ಎಂಬ ಲೆಕ್ಕ. ಜಾತ್ರೆಯ ಚೆಂಡಿಗೆ ಯಾವ ಹೆಸರೂ ಇರಲಿಲ್ಲ. ಪಕ್ಕದ ಮನೆಯ ಅಣ್ಣ ಅದಕ್ಕೆ ಊರಿನ ಒಬ್ಬ ಸಾಲಗಾರನ ಹೆಸರಿಟ್ಟ. ಹೆಸರಿಡುವ ಕೆಲಸ ಕಂಪನಿಯಿಂದ ಅಂಗಳಕ್ಕೆ ಬಂತು. ಇದನ್ನು ನಷ್ಟ ಎನ್ನುವವರು ಎನ್ನಲಿ.

ಲೋಳೆಯ ವಿಷಯಕ್ಕೆ ಬರುತ್ತೇನೆ, ಈ ಆಟಿಕೆಗಳ ರಾಣಿ ಅದು. 1976ರಲ್ಲಿ ಮ್ಯಾಟೆಲ್ ಕಂಪನಿ ಹಸಿರು ಲೋಳೆಯನ್ನು ಪುಟ್ಟ ಪ್ಲಾಸ್ಟಿಕ್ ಕಸದ ಬುಟ್ಟಿಯಲ್ಲಿ ತುಂಬಿ 'ಸ್ಲೈಮ್' ಎಂದು ಮಾರಿತು. ಅದರೊಳಗೆ ಇದ್ದದ್ದು ಮುಖ್ಯವಾಗಿ ಗೋರಿಕಾಯಿಯ ಬೀಜದ ಅಂಟು ಮತ್ತು ಬಿಳಿಗಾರ. ನಮ್ಮ ಉತ್ತರ ಕರ್ನಾಟಕದವರ ಚವಳಿಕಾಯಿ, ಪಲ್ಯಕ್ಕೆ ಹಾಕುವುದೇ. ಜಗತ್ತಿನ ಗೋರಿ ಬೆಳೆಯ ಬಹುಪಾಲು ಭಾರತದ್ದು, ಅದರಲ್ಲೂ ರಾಜಸ್ಥಾನದ್ದು. ಈ ಅಂಟಿನ ಉದ್ದುದ್ದ ಅಣುಗಳ ಸರಪಳಿಗಳನ್ನು ಬಿಳಿಗಾರ ಅಲ್ಲಲ್ಲಿ ಗಂಟು ಹಾಕುತ್ತದೆ. ಗಂಟು ಬಿಚ್ಚುತ್ತದೆ, ಮತ್ತೆ ಬೀಳುತ್ತದೆ. ಅದಕ್ಕೇ ಲೋಳೆ ಹಿಡಿದರೆ ಗಟ್ಟಿ, ಬಿಟ್ಟರೆ ನೀರು. ಸಾರ್ತ್ರ್ 1943ರ ತನ್ನ ದೊಡ್ಡ ತತ್ವಗ್ರಂಥದ ಕೊನೆಯ ಹೊತ್ತಿಗೆ ಇದೇ ಜಿಗುಟಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ: ನಾನು ಅದನ್ನು ಹಿಡಿದೆ ಎಂದುಕೊಂಡ ಗಳಿಗೆಯಲ್ಲೇ ಅದು ನನ್ನನ್ನು ಹಿಡಿದಿರುತ್ತದೆ ಎಂಬುದು ಅವನ ಭಯದ ಸಾರ. ಎಂಟು ವರ್ಷದ ಮಕ್ಕಳಿಗೆ ಸಾರ್ತ್ರ್‌ನ ಭಯ ಆಟವಾಗಿ ಕಾಣುತ್ತದೆ. ಅವರು ಹಿಡಿಸಿಕೊಳ್ಳಲೆಂದೇ ಹಿಡಿಯುತ್ತಾರೆ.

ಆಟಿಕೆಗಳ ಬಗ್ಗೆ ಬರೆಯುವ ವಿಮರ್ಶಕರು ಸಾಮಾನ್ಯವಾಗಿ ಮರದ ಪರ. ರೋಲಾಂ ಬಾರ್ತ್ 1957ರ 'ಮಿಥಾಲಜೀಸ್'ನಲ್ಲಿ ಫ್ರೆಂಚ್ ಆಟಿಕೆಗಳ ಬಗ್ಗೆ ಬರೆಯುತ್ತ, ಪ್ಲಾಸ್ಟಿಕ್ ಮುಟ್ಟುವ ಸುಖವನ್ನು ಕೊಂದಿತು, ಮರದ ಬೆಚ್ಚನೆಯ ಮೈ ಹೋಯಿತು ಎಂದು ಕೊರಗುತ್ತಾನೆ. ನಮ್ಮಲ್ಲಿ ಈ ಕೊರಗು ಚನ್ನಪಟ್ಟಣದ ಹೆಸರಿನಲ್ಲಿ ಬರುತ್ತದೆ. ಆಲೆ ಮರ, ಅರಗು, ತರಕಾರಿ ಬಣ್ಣ, ಎಲ್ಲ ನಿಜ, ಎಲ್ಲ ಚೆಂದ. ನನ್ನ ತಂಗಿಯ ಮಗಳಿಗೆ ನಾನೂ ಅದನ್ನೇ ಕೊಡಿಸುತ್ತೇನೆ. ಆದರೆ ಬಾರ್ತ್ ಹೇಳಿದ ರಾಸಾಯನಿಕ ಮೈಯಲ್ಲೇ ಮುಟ್ಟುವ ಸುಖ ಮತ್ತೆ ಹುಟ್ಟಿತು, ಅದೂ ಅಸಹ್ಯದ ರೂಪದಲ್ಲಿ, ಎಂಬುದನ್ನು ಅವನ ಪ್ರಬಂಧ ಊಹಿಸಲಿಲ್ಲ. ಕಣ್ಣಿಗಾಗಿ ಮಾಡಿದ ಆಟಿಕೆಗಳ ನಡುವೆ ಲೋಳೆ ಕೈಗಾಗಿ ಮಾಡಿದ್ದು. ಅದು ಮುದ್ದಾಗಿರಲು ಒಪ್ಪುವುದಿಲ್ಲ. ದೊಡ್ಡವರು ಷೋಕೇಸಿನಲ್ಲಿ ಇಡಲು ಹೋದರೆ ಒಣಗಿ ಚರ್ಮದ ಹಾಗಾಗುತ್ತದೆ.

ಅಮೆರಿಕದ ಆ ಮಕ್ಕಳು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಕೈಯಲ್ಲಿ ದುಡ್ಡಿದೆ. ಅವರಿಗಾಗಿ ಕಂಪನಿಗಳು ಹಳೆಯ ಹೇಸಿಗೆಯನ್ನು ಮತ್ತೆ ಮಾರುತ್ತಿವೆ. ಗಾರ್ಬೇಜ್ ಪೇಲ್ ಕಿಡ್ಸ್ 2003ರಲ್ಲಿ ಹೊಸ ಸರಣಿಯಾಗಿ ಮರಳಿತು. 2012ರಲ್ಲಿ ಅದರ ಹಳೆಯ ಚಿತ್ರಗಳು ಕಲಾಪುಸ್ತಕವಾಗಿ, ಸ್ಪೀಗಲ್‌ಮನ್ನರ ಮುನ್ನುಡಿಯೊಂದಿಗೆ ಬಂದವು. ಮ್ಯಾಡ್‌ಬಾಲ್ಸ್ ಕೂಡ ಈ ಶತಮಾನದಲ್ಲಿ ಹಲವು ಬಾರಿ ಎದ್ದು ಬಂದಿದೆ, ಸಂಗ್ರಹಕಾರರ ಕಪಾಟಿಗೆಂದು. ಬಣ್ಣ ಗೆರೆಯೊಳಗೆ, ಲೈಸೆನ್ಸ್ ಸರಿಯಾಗಿ, ಪೊಟ್ಟಣ ಹಳೆಯದರಂತೆ. ಇವು ಒರಿಜಿನಲ್ ಎಂಬುದರಲ್ಲಿ ಕಾನೂನಿನ ಸಂಶಯವಿಲ್ಲ. ಆದರೆ ಇವು ಯಾರ ದಿಂಬಿನ ಮೇಲೂ ಕಲೆ ಮಾಡುವುದಿಲ್ಲ, ಯಾವ ಅಜ್ಜಿಯೂ ಇವನ್ನು ಕೋಲಿನಿಂದ ನೂಕುವುದಿಲ್ಲ. ಹೇಸಿಗೆಯಿಲ್ಲದ ಹೇಸಿಗೆಯ ಆಟಿಕೆ. ನಾನು ನಕಲು ಎಂಬ ಪದವನ್ನು ಬೈಗುಳವಾಗಿ ಬಳಸುವುದಾದರೆ ಇದಕ್ಕೆ ಬಳಸುತ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ವಾದ ಚೊಕ್ಕವಾಗಿರುತ್ತಿತ್ತು. ಒಂದೂವರೆ ವರ್ಷದ ಹಿಂದೆ ನಮ್ಮ ವಿಭಾಗದ ಗೋಷ್ಠಿಯಲ್ಲಿ ಇಲ್ಲಿಯವರೆಗಿನ ಭಾಗವನ್ನು ಓದಿದೆ, ಚಪ್ಪಾಳೆಯೂ ಬಿತ್ತು. ಚೆಂಡಿನ ಮುಂದಿನ ಕಥೆಯನ್ನು ಅವತ್ತು ಹೇಳಿರಲಿಲ್ಲ.

ಅಂಗಳಕ್ಕೆ ಉರುಳಿದ ಮೇಲೆ ಚೆಂಡು ನಮ್ಮ ಕೇರಿಯ ಮಕ್ಕಳ ಪಾಲಾಯಿತು. ಅದರಿಂದ ನಾವೊಂದು ಆಟ ಕಟ್ಟಿಕೊಂಡೆವು, ಮುಟ್ಟಾಟದ ಹಾಗೆಯೇ. ಚೆಂಡು ಯಾರಿಗೆ ತಾಗುತ್ತದೋ ಅವರು 'ಗಲೀಜು'. ಗಲೀಜಾದವರು ಓಡಿ ಇನ್ನೊಬ್ಬರನ್ನು ಮುಟ್ಟಿದರೆ ಗಲೀಜು ಅವರಿಗೆ ದಾಟುತ್ತದೆ. ಎರಡು ವಾರ ಇದೇ ಆಟ, ನಕ್ಕು ನಕ್ಕು ಹೊಟ್ಟೆ ನೋವು. ಒಂದು ಸಂಜೆ ನನ್ನ ತರಗತಿಯ ಒಬ್ಬ ಹುಡುಗ ಆ ದಾರಿಯಲ್ಲಿ ಬಂದ. ಅವನ ತಾಯಿ ಜಾತ್ರೆ ಮುಗಿದ ಬೆಳಿಗ್ಗೆ ಬಿಡಕಿಬೈಲು ಗುಡಿಸುವವರಲ್ಲಿ ಒಬ್ಬರು ಎಂದು ನಮಗೆಲ್ಲ ಗೊತ್ತಿತ್ತು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಆದರೆ ಗೊತ್ತಿತ್ತು. ಅವನೂ ಆಡುತ್ತೇನೆಂದು ನಿಂತ. ಚೆಂಡು ಎಸೆದವಳು ನಾನು. ಅವನ ಭುಜಕ್ಕೆ ತಾಗಿತು. ನಾವೆಲ್ಲ ಕೂಗುತ್ತ ಓಡಿದೆವು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವನು ಅಟ್ಟಿಸಿಕೊಂಡು ಬಂದಿರಲಿಲ್ಲ. ನಿಂತಲ್ಲೇ ನಿಂತಿದ್ದ. ಅವನು ಯಾರನ್ನೂ ಮುಟ್ಟಲಿಲ್ಲ. ಆಮೇಲೆ ಬಗ್ಗಿ ಚೆಂಡನ್ನು ಎತ್ತಿ, ಅಂಗಿಯ ತುದಿಯಲ್ಲಿ ಒರೆಸಿ, ನಮ್ಮ ಕಟ್ಟೆಯ ಮೇಲಿಟ್ಟು ಹೋದ.

ಅವತ್ತು ನನಗೆ ಏನೂ ಅರ್ಥವಾಗಲಿಲ್ಲ. ಆಟ ಕೆಡಿಸಿದ ಎಂದು ಸಿಟ್ಟೂ ಬಂತು. ಹೇಸಿಗೆಯ ಆಭಾಸ ನಗೆಯಾಗುತ್ತದೆ ಎಂದು ಮೇಲೆ ಬರೆದೆನಲ್ಲ, ಅದು ಯಾರಿಗೆ ಎಂಬ ಪ್ರಶ್ನೆಯನ್ನು ಅವನು ಕಟ್ಟೆಯ ಮೇಲಿಟ್ಟು ಹೋಗಿದ್ದ. ಆಟ ಮುಗಿದ ಮೇಲೆ ಗಲೀಜು ಕಳಚಿಕೊಳ್ಳುತ್ತದೆ ಎಂಬ ನಂಬಿಕೆ ಇದ್ದವರಿಗೆ ಅದು ಆಟ. ಕೈ ತೊಳೆದರೆ ಹೋಗುತ್ತದೆ ಎಂದು ಜಗತ್ತು ಯಾರಿಗೆ ಮಾತು ಕೊಟ್ಟಿದೆಯೋ ಅವರಿಗೆ. ಅನುಕೃತಿ ಎನ್ನಬೇಕಾದರೆ ಅಸಲಿನಿಂದ ಒಂದಿಷ್ಟು ದೂರ ನಿಂತಿರಬೇಕು. ನಾವು ಆಡುತ್ತಿದ್ದ 'ಮುಟ್ಟಿದರೆ ಗಲೀಜು' ಅವನ ಮಟ್ಟಿಗೆ ನಕಲಾಗಿರಲಿಲ್ಲ. ಅಜ್ಜಿಯ ಕೋಲಿಗೂ ನಮ್ಮ ಆಟಕ್ಕೂ ನಾನಂದುಕೊಂಡಷ್ಟು ಅಂತರ ಇರಲಿಲ್ಲ. ಅಜ್ಜಿ ನಗದೆ ಮಾಡಿದ್ದನ್ನು ನಾವು ನಗುತ್ತ ಮಾಡಿದೆವು.

ಆ ಚೆಂಡು ಮಾರಿಯ ಜಾತ್ರೆಯಲ್ಲಿ ಕೊಂಡದ್ದು ಎಂಬುದು ಈಗ ನನ್ನನ್ನು ಬೇರೆ ರೀತಿಯಲ್ಲಿ ಕಾಡುತ್ತದೆ. ನಾಡಿನಲ್ಲಿ ಹರಡಿರುವ ಮಾರಿಯ ಕಥೆಯ ಹಲವು ಪಾಠಗಳಲ್ಲಿ, ಕೆಳಜಾತಿಯವನೊಬ್ಬ ಬ್ರಾಹ್ಮಣನ ವೇಷದಲ್ಲಿ ಬಂದು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ನಿಜ ತಿಳಿಯುವುದು ಊಟದ ಒಂದು ಮಾತಿನಿಂದ, ಬಾಯಿಯ ರುಚಿಯಿಂದ, ಆಮೇಲೆ ಹೇಸಿಗೆ, ಆಮೇಲೆ ಕೊಲೆ. ಅಸಲಿ, ನಕಲಿ, ಜುಗುಪ್ಸೆ, ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕಥೆ. 'ಡೂಪ್ಲಿಕೇಟ್' ಎಂದು ನಾವು ಮೂಗು ಮುರಿಯುವಾಗ ಆ ಮೂಗಿಗೆ ಎಷ್ಟು ಹಳೆಯ ಅಭ್ಯಾಸವಿದೆ ಎಂದು ನೋಡಬೇಕಾಗುತ್ತದೆ. ಅಗ್ಗದ ಆಟಿಕೆಯನ್ನು ಕಂಡಾಗಿನ ಅಸಹ್ಯದಲ್ಲಿ ಎಷ್ಟು ಪಾಲು ವಸ್ತುವಿನದು, ಎಷ್ಟು ಪಾಲು ಅದನ್ನು ಮಾಡುವವರ, ಮಾರುವವರ, ಕೊಳ್ಳುವವರ ಮೇಲಿನದು? ನನ್ನ ಮೊದಲ ಅವಮಾನದಲ್ಲೂ ಈ ಪಾಲು ಇತ್ತು.

ಹಾಗೆಂದು ಅಗ್ಗದ ಮಾಲಿನ ವಾಸನೆಯನ್ನು ಪೂರ್ತಿ ರೂಪಕ ಮಾಡಿ ಮುಗಿಸುವಂತಿಲ್ಲ. ಆ ವಾಸನೆ ನಿಜವಾದ ರಾಸಾಯನಿಕದ್ದು. ಲೋಳೆಯಂಥ ಅಂಟು ಆಟಿಕೆಗಳಿಂದ ಬಿಡುಗಡೆಯಾಗುವ ಬೋರಾನ್‌ಗೆ ಯುರೋಪಿನ ನಿಯಮ ಕಿಲೋಗೆ 300 ಮಿಲಿಗ್ರಾಂ ಮಿತಿ ಹಾಕಿದೆ. 2018ರಲ್ಲಿ ಬ್ರಿಟನ್ನಿನ 'ವಿಚ್?' ಎಂಬ ಗ್ರಾಹಕರ ಸಂಸ್ಥೆ 11 ಬಗೆಯ ಲೋಳೆಗಳನ್ನು ಪರೀಕ್ಷಿಸಿದಾಗ 8 ಆ ಮಿತಿ ಮೀರಿದ್ದವು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮಗು ಬಾಯಿಗೆ ಹಾಕುವ ವಸ್ತುವಿಗೆ ಕಾವಲು ಬೇಕೇ ಬೇಕು. ಗುರುತಿಲ್ಲದ ಚೆಂಡನ್ನು ಮೂಗಿನ ಪಕ್ಕ ಇಟ್ಟುಕೊಂಡು ಒಂದು ರಾತ್ರಿ ಮಲಗಿದ ನಾನು, ಅದರ ಬಣ್ಣ ಬಳಿಯುತ್ತ ದಿನವಿಡೀ ಅದೇ ಗಾಳಿ ಉಸಿರಾಡಿದ ಕೈಗಳ ಬಗ್ಗೆ ಯೋಚಿಸದೆ 'ಗೆರೆ ದಾಟಿದ ಹಸಿರು ಎಷ್ಟು ಚೆಂದ' ಎಂದು ಬರೆದರೆ ಅದು ಅರ್ಧ ವಿಮರ್ಶೆ. ಆ ಗೆರೆ ದಾಟಿದ್ದು ಕಲೆಯಿಂದಲ್ಲ, ಗಂಟೆಗೆ ಇಷ್ಟು ಚೆಂಡು ಎಂಬ ಲೆಕ್ಕದಿಂದ. ನನ್ನ ಹಟವನ್ನು ನಾನು ಪೂರ್ತಿ ಬಿಡುವುದಿಲ್ಲ. ಆ ಹಸಿರು ಈಗಲೂ ಚೆಂಡಿನ ಅತ್ಯುತ್ತಮ ಭಾಗವೇ. ಆದರೆ ಅದನ್ನು ಈಗ ಕೈಬರಹದ ಹಾಗೆ ಓದುತ್ತೇನೆ, ಅವಸರದಲ್ಲಿದ್ದ, ಮುಖ ತಿಳಿಯದ ಒಬ್ಬರ ಕೈಬರಹ. ಸೀಲು ಒಡೆಯದ ಸ್ಲೋಬುಲಸ್‌ನ ಮೇಲೆ ಅಂಥ ಯಾವ ಕೈಯ ಗುರುತೂ ಇಲ್ಲ.

2024ರ ಜಾತ್ರೆಗೆ ಊರಿಗೆ ಹೋಗಿದ್ದಾಗ ಆಟಿಕೆಯ ಸಾಲಿನಲ್ಲಿ ಆ ಚೆಂಡನ್ನು ಹುಡುಕಿದೆ. ಸಿಗಲಿಲ್ಲ. ಎಸೆದರೆ ಗೋಡೆಗೆ ಅಂಟಿಕೊಳ್ಳುವ ಕೈಗಳಿದ್ದವು. ಅವೂ 1983ರ ಸುಮಾರಿಗೆ ಅಮೆರಿಕದಲ್ಲಿ ಹುಚ್ಚೆಬ್ಬಿಸಿದ, ಗೋಡೆಯ ಮೇಲೆ ತೆವಳಿ ಇಳಿಯುವ ಜಪಾನಿ ಆಕ್ಟೋಪಸ್ ಆಟಿಕೆಯ ನೆಂಟರು. ರಬ್ಬರ್ ಹಲ್ಲಿಗಳಿದ್ದವು. ಒಂದು ಅಂಗಡಿಯಲ್ಲಿ ಪುಟ್ಟ ಡಬ್ಬಿಗಳಲ್ಲಿ ಲೋಳೆ, ಹಸಿರು, ಗುಲಾಬಿ, ಮಿನುಗು ಹಾಕಿದ್ದು. ಮುಚ್ಚಳದ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ, ಯಾವುದೋ ಕಾರ್ಟೂನ್ ಪ್ರಾಣಿ, ಕಿವಿಯ ಬಣ್ಣ ಮಾತ್ರ ಬದಲಿಸಿದ್ದರು. ಹದಿನಾರು ಹದಿನೇಳರ ಹುಡುಗ ಮುಂದೆ ಪೇಪರ್ ಹಾಸಿಕೊಂಡು, ಒಂದು ಡಬ್ಬಿ ತೆರೆದು, ಲೋಳೆಯನ್ನು ಬೆರಳಿಂದ ಬೆರಳಿಗೆ ಇಳಿಬಿಟ್ಟು ತೋರಿಸುತ್ತಿದ್ದ. ನಾನು ಹಿಂಜರಿದದ್ದನ್ನು ನೋಡಿ, "ಕೈಗೆ ಅಂಟೂದಿಲ್ಲ ಅಕ್ಕಾ, ಗ್ಯಾರಂಟಿ" ಎಂದ.

ಮೂವತ್ತು ರೂಪಾಯಿ ಕೊಟ್ಟು ಹಸಿರಿನದೇ ತೆಗೆದುಕೊಂಡೆ. ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಮುಚ್ಚಳ ತೆಗೆದೆ. ಅಂಟಿತು.